ಬ್ರೇಕಿನ ಮೊದಲ ತುಳಿತ

ಕಳೆದ ಬೇಸಗೆಯ ರಜೆಯಲ್ಲಿ ಒಂದು ಬೆಳಗ್ಗೆ ಮನೆಯಂಗಳದಲ್ಲಿ ಕುಳಿತು ನಮ್ಮ ಕಾರಿನ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳನ್ನು ನಾನೇ ಬದಲಾಯಿಸಿದೆ. ಕೆಲಸ ಅಚ್ಚುಕಟ್ಟಾಗಿ ಮುಗಿಯಿತೆಂಬ ಸಂತೋಷದಲ್ಲಿ ಕಾರನ್ನು ಗೇಟಿನ ಕಡೆಗೆ ಮೆಲ್ಲನೆ ನಡೆಸಿದೆ. ಅಲ್ಲಿ ನನ್ನ ತಂಗಿಯ ಮಗ ತನ್ನ ಸೈಕಲ್ಲನ್ನು ಒರಸುತ್ತ ಕುಳಿತಿದ್ದ. ನಾನು ಪೆಡಲನ್ನು ತುಳಿದೆ. ಅದು ಯಾವ ತಡೆಯೂ ಇಲ್ಲದೆ ನೆಲವನ್ನು ಮುಟ್ಟಿತು, ಕಾರು ನಿಲ್ಲಲಿಲ್ಲ. ಕೈಗೆ ಸಿಕ್ಕಿದ ಹ್ಯಾಂಡ್ ಬ್ರೇಕನ್ನು ಎಳೆದುದರಿಂದ ಹುಡುಗನಿಗೆ ಒಂದು ಮಾರು ದೂರದಲ್ಲಿ ಕಾರು ನಿಂತಿತು. ಅವನು ತಲೆಯೆತ್ತಿ, "ಮಾವ, ಇಷ್ಟು ಹತ್ತಿರ ಯಾಕೆ ತಂದಿರಿ?" ಎಂದು ಕೇಳಿದ. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ವಿಚಿತ್ರವೆಂದರೆ, ನಾನು ಜೋಡಿಸಿದ ಯಾವ ಭಾಗದಲ್ಲಿಯೂ ದೋಷವಿರಲಿಲ್ಲ. ಮತ್ತೆ ಮೂರು ನಾಲ್ಕು ಸಲ ತುಳಿಯುತ್ತಲೇ ಪೆಡಲು ಎಂದಿನಂತೆ ಗಟ್ಟಿಯಾಯಿತು. ಹಾಗಾದರೆ ಆ ಮೊದಲ ತುಳಿತ ಎಲ್ಲಿ ಹೋಯಿತು? ವರ್ಷ ವರ್ಷವೂ ತರಗತಿಯಲ್ಲಿ ಪಾಸ್ಕಲನ ನಿಯಮವನ್ನು ಪಾಠ ಹೇಳುವ ನನಗೆ ಇದರ ಉತ್ತರ ಮೊದಲೇ ಹೊಳೆಯಬೇಕಾಗಿತ್ತು. ಅಂದು ಹೊಳೆಯದಿದ್ದುದನ್ನು ಇಂದು ವಿದ್ಯಾರ್ಥಿಗಳ ಮುಂದಿಡುತ್ತೇನೆ.

ಓಡುವ ವಾಹನವನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುವುದೆಂದೇ ಅರ್ಥ. 1000 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುತ್ತಿದೆಯೆನ್ನೋಣ. ಅದರ ಚಲನಶಕ್ತಿ 2 ಲಕ್ಷ ಜೂಲ್. ಇಷ್ಟು ಶಕ್ತಿಯಿಂದ ಸುಮಾರು 600 ಗ್ರಾಂ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವವರೆಗೆ ಕಾಯಿಸಬಹುದು! ಈ ಶಾಖವೆಲ್ಲವೂ ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ಬಿಲ್ಲೆಗೂ ಅದನ್ನು ಎರಡು ಕಡೆಯಿಂದ ಹಿಡಿದೊತ್ತುವ ಪ್ಯಾಡುಗಳಿಗೂ ನಡುವಣ ಘರ್ಷಣೆಯಿಂದ ಹುಟ್ಟುತ್ತದೆ. ಬಿಲ್ಲೆಗೆ ಡಿಸ್ಕ್ ಎಂದೂ, ಪ್ಯಾಡುಗಳನ್ನು ಹೊತ್ತ ಇಕ್ಕುಳದಂತಹ ಭಾಗಕ್ಕೆ ಕ್ಯಾಲಿಪರ್ ಎಂದೂ ಹೆಸರು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇಂತಹ ಬ್ರೇಕಿಗೆ ಪೇಟೆಂಟ್ ಪಡೆದಿದ್ದನು. ಆದರೆ ಜಗತ್ತು ಅದರತ್ತ ಗಮನ ಹರಿಸಿದುದು 1953ರಲ್ಲಿ, ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದಾಗ.

ಕಾಲಿನ ಬಲ ಪ್ಯಾಡನ್ನು ತಲಪುವುದು ದ್ರವದ ಮೂಲಕ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ಕಡೆಗೂ ಕುಂದದೆ ಹರಡುತ್ತದೆಂಬುದು ಪಾಸ್ಕಲನ ನಿಯಮವಷ್ಟೆ. ಪೆಡಲಿನ ಹಿಂದಿರುವ ಮಾಸ್ಟರ್ ಸಿಲಿಂಡರಿನ ವ್ಯಾಸ 20 ಮಿ.ಮೀ., ಕ್ಯಾಲಿಪರಿನ ಪಿಸ್ಟನ್ನಿನ ವ್ಯಾಸ 50 ಮಿ.ಮೀ. ಎಂದು ಭಾವಿಸೋಣ. ವಿಸ್ತೀರ್ಣಗಳ ಪ್ರಮಾಣ ಆರೂಕಾಲು ಪಟ್ಟು. ಕಾಲು 200 ನ್ಯೂಟನ್ ಬಲವನ್ನು ಹಾಕಿದರೆ ಪೆಡಲಿನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡುತ್ತದೆ. ದ್ರವವು ಆ 800 ನ್ಯೂಟನ್ನನ್ನು 5000 ನ್ಯೂಟನ್ನಿಗೆ ಏರಿಸುತ್ತದೆ. ಆದರೆ ಪ್ರಕೃತಿ ಯಾರಿಗೂ ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಬಲ ಎಷ್ಟು ಪಟ್ಟು ಹೆಚ್ಚಿತೋ ಚಲನೆ ಅಷ್ಟು ಪಟ್ಟು ತಗ್ಗುತ್ತದೆ. ನನ್ನನ್ನು ಬೇಸ್ತು ಬೀಳಿಸಿದುದು ಲೆಕ್ಕದ ಈ ಎರಡನೆಯ ಭಾಗವೇ.

ಪಿಸ್ಟನ್ನಿನ ಸುತ್ತ ಚೌಕ ಅಡ್ಡಕೊಯ್ತದ ಒಂದು ರಬ್ಬರ್ ಬಳೆಯಿದೆ. ದ್ರವವು ಹೊರಕ್ಕೆ ಸೋರದಂತೆ ತಡೆಯುವುದು ಅದರ ಒಂದು ಕೆಲಸ. ಬ್ರೇಕ್ ಒತ್ತಿದಾಗ ಪಿಸ್ಟನ್ನಿನೊಡನೆ ಅದು ತುಸು ಬಾಗುತ್ತದೆ; ಕಾಲು ತೆಗೆದಾಗ ಸ್ಥಿತಿಸ್ಥಾಪಕತ್ವದಿಂದ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಸೆಳೆಯುತ್ತದೆ. ಪ್ಯಾಡು ಸವೆದಂತೆ ಪಿಸ್ಟನ್ ಬಳೆಯೊಳಗೆ ಜಾರಿ ಸ್ವಲ್ಪ ಸ್ವಲ್ಪವೇ ಮುಂದೆ ನಿಲ್ಲುತ್ತದೆ. ಆ ಜಾಗವನ್ನು ತುಂಬಲು ಮೇಲಿನ ಡಬ್ಬಿಯಿಂದ ದ್ರವ ಇಳಿದು ಬರುತ್ತದೆ. ಹೀಗೆ ಸವೆತವೆಷ್ಟಾದರೂ ಪ್ಯಾಡಿಗೂ ಡಿಸ್ಕಿಗೂ ಇರುವ ಅಂತರ ಬದಲಾಗುವುದಿಲ್ಲ.

ಹೊಸ ಪ್ಯಾಡಿನ ಪದರ ಸುಮಾರು 10 ಮಿ.ಮೀ. ದಪ್ಪವಿದ್ದು, ಸವೆದುದು 3 ಮಿ.ಮೀ.ಗೆ ಇಳಿದಿದೆಯೆನ್ನೋಣ. ಎರಡು ಪ್ಯಾಡುಗಳು ಸೇರಿ 14 ಮಿ.ಮೀ. ಆಯಿತು. ಒಂದೇ ಪಿಸ್ಟನ್ನಿರುವ ಕ್ಯಾಲಿಪರಿನಲ್ಲಿ ಹೊಸ ಪ್ಯಾಡುಗಳು ಹಿಡಿಯಬೇಕಾದರೆ ಪಿಸ್ಟನ್ನನ್ನು ಅಷ್ಟು ದೂರ ಹಿಂದಕ್ಕೆ ತಳ್ಳಬೇಕು. ಆಗ ಒಂದೊಂದು ಚಕ್ರದಿಂದ ಸುಮಾರು 27 ಘನ ಸೆಂ.ಮೀ. ದ್ರವ ಡಬ್ಬಿಗೆ ಮರಳುತ್ತದೆ. ನಡುವೆ ಯಾರಾದರೂ ಡಬ್ಬಿಯನ್ನು ತುಂಬಿಸಿಟ್ಟಿದ್ದರೆ ಅದು ಉಕ್ಕಿ ಹರಿದು ಕಾರಿನ ಬಣ್ಣವನ್ನು ಕೀಳುತ್ತದೆ. ಆದುದರಿಂದ ಮೊದಲೇ ಮುಚ್ಚಳ ತೆಗೆದು, ಸುತ್ತ ಬಟ್ಟೆ ಕಟ್ಟಿ, ದ್ರವ ಹೆಚ್ಚಾಗಿದ್ದರೆ ಸ್ವಲ್ಪ ಹೊರತೆಗೆಯಬೇಕು.

ಈಗ ಮೊದಲ ತುಳಿತದ ಲೆಕ್ಕ. ಪಿಸ್ಟನ್ನನ್ನು ಪೂರ್ತಿ ಹಿಂದೆ ತಳ್ಳಿ ಹೊಸ ಪ್ಯಾಡುಗಳನ್ನು ಇಟ್ಟಾಗ ಒಟ್ಟು 3 ಮಿ.ಮೀ. ಸಂದು ಉಳಿಯಿತೆನ್ನಿ. ಅದನ್ನು ಮುಚ್ಚಲು ಎರಡು ಚಕ್ರಗಳಿಗೂ ಸೇರಿ ಸುಮಾರು 12 ಘನ ಸೆಂ.ಮೀ. ದ್ರವ ಬೇಕು. ಮಾಸ್ಟರ್ ಸಿಲಿಂಡರಿನ ನಡೆ 30 ಮಿ.ಮೀ. ಆದರೆ ಒಂದು ತುಳಿತ ಕಳುಹಿಸಬಲ್ಲುದು 9 ಘನ ಸೆಂ.ಮೀ.ಗಿಂತ ತುಸು ಹೆಚ್ಚು, ಅಷ್ಟೆ. ಇಡೀ ತುಳಿತ ಸಂದನ್ನು ತುಂಬುವುದರಲ್ಲಿಯೇ ಮುಗಿದುಹೋಗುತ್ತದೆ. ಒತ್ತಡ ಹುಟ್ಟುವುದೇ ಇಲ್ಲ! ಕಾಲು ತೆಗೆದಾಗ ಡಬ್ಬಿಯಿಂದ ಹೊಸ ದ್ರವ ಇಳಿಯುತ್ತದೆ, ಎರಡನೆಯ ಮೂರನೆಯ ತುಳಿತಗಳಲ್ಲಿ ಸಂದು ಮುಚ್ಚಿ ಪೆಡಲು ಗಟ್ಟಿಯಾಗುತ್ತದೆ. ಅಂದು ಹ್ಯಾಂಡ್ ಬ್ರೇಕು ಕಾಪಾಡಿದುದಕ್ಕೂ ಕಾರಣವಿದೆ: ಅದು ಹಿಂದಿನ ಚಕ್ರಗಳನ್ನು ತಂತಿಯ ಮೂಲಕ ಹಿಡಿಯುತ್ತದೆ, ದ್ರವದ ಹಂಗು ಅದಕ್ಕಿಲ್ಲ.

ಈ ಕೆಲಸಕ್ಕೆ ಕೈ ಹಾಕುವ ತರುಣರು ಅನುಭವಿಯೊಬ್ಬರನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಲೇಸು. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಎತ್ತಿದ ಮೇಲೆ ಭಾರವನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಇಳಿಸಬೇಕೇ ಹೊರತು ಜಾಕ್ ಒಂದನ್ನೇ ನಂಬಬಾರದು. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಕೊಳವೆಯಿಂದ ಜೋತುಬಿಡದೆ ತಂತಿಯಿಂದ ಕಟ್ಟಬೇಕು. ಪಿಸ್ಟನ್ನಿನ ಮೇಲೆ ಹಳೆಯ ಪ್ಯಾಡನ್ನಿಟ್ಟು ಸಿ-ಕ್ಲ್ಯಾಂಪನ್ನು ನಿಧಾನವಾಗಿ ತಿರುಗಿಸಿದರೆ ಅದು ವಾಲದೆ ಒಳಸರಿಯುತ್ತದೆ. ಹಿಂದಿನ ಚಕ್ರಗಳ ಕೆಲವು ಕ್ಯಾಲಿಪರುಗಳಲ್ಲಿ ಹ್ಯಾಂಡ್ ಬ್ರೇಕಿನ ತಿರುಪು ಒಳಗೇ ಇರುತ್ತದೆ. ಅಂತಹ ಪಿಸ್ಟನ್ನನ್ನು ತಿರುಗಿಸುತ್ತ ಒಳಕ್ಕೆ ಕಳುಹಿಸಬೇಕು, ಬಲದಿಂದ ಒತ್ತಿದರೆ ಕೆಡುತ್ತದೆ. ವಿದ್ಯುತ್ತಿನ ಹ್ಯಾಂಡ್ ಬ್ರೇಕುಳ್ಳ ಕಾರುಗಳ ಹಿಂದಿನ ಚಕ್ರಗಳನ್ನು ತಿಳಿದವರಿಗೇ ಬಿಡುವುದು ಮೇಲು. ಪ್ಯಾಡಿನ ಪುಡಿಯನ್ನು ಬಾಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ಒರಸಬೇಕು. ಒಂದೇ ಪಕ್ಕದ ಚಕ್ರಕ್ಕೆ ಹೊಸ ಪ್ಯಾಡು ಹಾಕಿದರೆ ಬ್ರೇಕ್ ಹಿಡಿದಾಗ ಕಾರು ಪಕ್ಕಕ್ಕೆ ಎಳೆಯುವುದರಿಂದ, ಎಡ ಬಲಗಳೆರಡನ್ನೂ ಒಟ್ಟಿಗೆ ಬದಲಾಯಿಸಬೇಕು.

ಕೊನೆಯದಾಗಿ, ಎಂಜಿನ್ ಚಾಲೂ ಮಾಡುವ ಮೊದಲು ಪೆಡಲು ಕಲ್ಲಿನಂತೆ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ತುಳಿಯಬೇಕು. ಆಮೇಲೆ ಡಬ್ಬಿಯ ಮಟ್ಟವನ್ನು ನೋಡಿ ಮುಚ್ಚಳವನ್ನು ಬಿಗಿಯಬೇಕು. ಎಷ್ಟು ತುಳಿದರೂ ಪೆಡಲು ಮೆತ್ತಗೇ ಇದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು; ಗಾಳಿ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಅಂತಹ ಕಾರನ್ನು ಗೇಟು ದಾಟಿಸಲೇಕೂಡದು.

ಈಚೆಗೆ ಮತ್ತೊಮ್ಮೆ ಪ್ಯಾಡು ಬದಲಾಯಿಸಿದಾಗ ಆ ಹುಡುಗನನ್ನೇ ಚಾಲಕನ ಆಸನದಲ್ಲಿ ಕೂರಿಸಿ ತುಳಿಯಲು ಹೇಳಿದೆ. ನಾಲ್ಕನೆಯ ತುಳಿತಕ್ಕೆ, "ಮಾವ, ಇನ್ನು ಕೆಳಕ್ಕೆ ಹೋಗುತ್ತಿಲ್ಲ" ಎಂದ. ಆಮೇಲೆಯೇ ನಾನು ಚಕ್ರಗಳ ಹಿಂದಿನ ಕಲ್ಲುಗಳನ್ನು ತೆಗೆದೆ.