ಆರು ಮೇಲ್ಮೈ, ಎಂಟು ಮೇಲ್ಮೈ: ಎರಡು ಹಳೆಯ ಕ್ಯಾಮೆರಾ ಮಸೂರಗಳು

ಜರ್ಮನಿಯ ಜೈಸ್ ಇಕಾನ್ ಕಂಪನಿಯ ಕಾಂಟ್ಯಾಕ್ಸ್ ಕ್ಯಾಮೆರಾದೊಡನೆ 1932ರಲ್ಲಿ ‘ಸೊನ್ನಾರ್’ ಎಂಬ ಮಸೂರ ಬಂತು. ಮರುವರ್ಷ ಲೈಟ್ಜ್ ಕಂಪನಿ ತನ್ನ ಲೈಕಾ ಕ್ಯಾಮೆರಾಕ್ಕೆ ‘ಸಮ್ಮಾರ್’ ತಯಾರಿಸಿತು. ಎರಡರಲ್ಲಿಯೂ ಆರಾರು ಗಾಜುಗಳು. ಸಂಗಮದೂರ 50 ಮಿ.ಮೀ., ಗರಿಷ್ಠ ದ್ಯುತಿರಂಧ್ರ ಎಫ್/2. ಆದರೂ ಬೆಳಗುವ ಆಕಾಶದ ಎದುರು ಚಿತ್ರ ತೆಗೆದರೆ ಸೊನ್ನಾರ್‌ನ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಸಮ್ಮಾರ್‌ನ ಚಿತ್ರ ಮಂಜು ಮುಸುಕಿದಂತೆ ಪೇಲವವಾಗುತ್ತದೆ. ಇದಕ್ಕೆ ಗಾಜಿನ ಗುಣಮಟ್ಟ ಕಾರಣವೆಂದು ಹಲವರು ಹೇಳುವುದುಂಟು. ನಿಜವಾದ ಕಾರಣ ಪಿ.ಯು.ಸಿ. ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲಷ್ಟು ಸರಳವಾದುದು.

ಬೆಳಕು ಗಾಳಿಯಿಂದ ಗಾಜಿಗೆ ಲಂಬವಾಗಿ ಬಿದ್ದಾಗ ಪ್ರತಿಫಲಿಸುವ ಭಾಗ, (n–1)/(n+1) ಎಂಬುದರ ವರ್ಗ. ವಕ್ರೀಭವನ ಸೂಚ್ಯಂಕ n = 1.5 ಆದರೆ ಇದು ಶೇ. 4, 1.6 ಆದರೆ ಶೇ. 5ಕ್ಕಿಂತ ತುಸು ಹೆಚ್ಚು. ಶೇ. 5 ಎಂದಿಟ್ಟುಕೊಳ್ಳೋಣ. ಸಮ್ಮಾರ್‌ನ ಆರು ಗಾಜುಗಳು ನಾಲ್ಕು ಗುಂಪುಗಳಲ್ಲಿವೆ, ಅಂದರೆ ಗಾಳಿಗೆ ತೆರೆದ ಮೇಲ್ಮೈಗಳು ಎಂಟು. ಸೊನ್ನಾರ್‌ನವು ಮೂರೇ ಗುಂಪು, ಆರು ಮೇಲ್ಮೈ. ಅಂಟಿಸಿದ ಮೇಲ್ಮೈಗಳನ್ನು ಇಲ್ಲಿ ಬಿಟ್ಟುಬಿಡಬಹುದು. ಅಂಟಾಗಿ ಬಳಸುತ್ತಿದ್ದ ಕೆನಡಾ ಬಾಲ್ಸಂನ ಸೂಚ್ಯಂಕ ಗಾಜಿನದಕ್ಕೆ ಹತ್ತಿರವಿರುವುದರಿಂದ ಅಲ್ಲಿ ಪ್ರತಿಫಲನ ಅತ್ಯಲ್ಪ. ಹಾಗಾಗಿ ಸೊನ್ನಾರ್‌ನಲ್ಲಿ ಶೇ. 73ರಷ್ಟು, ಸಮ್ಮಾರ್‌ನಲ್ಲಿ ಶೇ. 66ರಷ್ಟು ಬೆಳಕು ನೇರವಾಗಿ ಹಾದುಹೋಗುತ್ತದೆ.

ಈ ನಷ್ಟ ದೊಡ್ಡದಲ್ಲ. ಪ್ರತಿಫಲಿಸಿದ ಬೆಳಕು ಎಲ್ಲಿಗೆ ಹೋಯಿತು ಎಂಬುದೇ ಮುಖ್ಯ. ಒಂದು ಮೇಲ್ಮೈಯಿಂದ ಹಿಂದಿರುಗಿದ ಕಿರಣ ಅದರ ಮುಂದಿರುವ ಇನ್ನೊಂದು ಮೇಲ್ಮೈಗೆ ತಾಗಿ ಮತ್ತೆ ಫಿಲ್ಮಿನತ್ತ ತಿರುಗುತ್ತದೆ. ಇಂಥ ಜೋಡಿಗಳ ಸಂಖ್ಯೆ N(N–1)/2. ಆರು ಮೇಲ್ಮೈಗಳಿಗೆ 15 ಜೋಡಿ, ಎಂಟಕ್ಕೆ 28! ಪ್ರತಿ ಜೋಡಿಯಿಂದ 400ರಲ್ಲಿ ಒಂದು ಪಾಲು. ಒಟ್ಟು ಸುಮಾರು ಶೇ. 4 ಮತ್ತು ಶೇ. 7. ಇದರಲ್ಲಿ ಒಂದಿಷ್ಟು ಮಸೂರದ ಕೊಳವೆಯಲ್ಲೇ ಹೀರಿಹೋಗುತ್ತದೆ. ಉಳಿದದ್ದು ಫಿಲ್ಮಿನ ತುಂಬ ಹರಡುತ್ತದೆ. ಆಕಾಶದ ನೂರರಲ್ಲೊಂದು ಪಾಲಿನಷ್ಟು ಮಾತ್ರ ಪ್ರಕಾಶವಿರುವ ಮರದ ನೆರಳಿನ ಮೇಲೆ ಈ ಅಡ್ಡಬೆಳಕು ಬಿದ್ದರೆ ಅಲ್ಲಿನ ವಿವರ ಅಳಿಸಿಹೋಗುವುದು ಸಹಜ.

ಸೊನ್ನಾರ್ ರೂಪಿಸಿದ ಲುಡ್ವಿಗ್ ಬೆರ್ಟೆಲೆ ಗಾಜುಗಳ ನಡುವಿನ ಗಾಳಿಯ ಜಾಗಕ್ಕೆ ಕಡಿಮೆ ಸೂಚ್ಯಂಕದ ಗಾಜನ್ನೇ ತುಂಬಿ, ಮೂರು ಗಾಜುಗಳನ್ನು ಒಂದಾಗಿ ಅಂಟಿಸಿದ್ದರು. ಜಾಣ ಉಪಾಯ, ಆದರೆ ಬಿಟ್ಟಿಯದಲ್ಲ. ಗಾಳಿಯ ಜಾಗವಿದ್ದಾಗ ದೋಷ ತಿದ್ದಲು ಸಿಗುವ ಅವಕಾಶ ಇಲ್ಲಿ ಕಡಿಮೆ. ಗೋಳೀಯ ದೋಷ ಸ್ವಲ್ಪ ಉಳಿಯುತ್ತದೆ. ರಂಧ್ರವನ್ನು ಕಿರಿದು ಮಾಡಿದಂತೆ ಬಿಂಬದ ಸ್ಥಾನವೂ ಸರಿಯುತ್ತದೆ. ಇದರ ಹಿಂಗಾಜು ಫಿಲ್ಮಿಗೆ ತೀರ ಹತ್ತಿರ ಬರುತ್ತದೆ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಎರಡು ಕಿಂಡಿಗಳಿಂದ ಕಾಣುವ ಬಿಂಬಗಳನ್ನು ಒಂದುಗೂಡಿಸಿ, ತ್ರಿಕೋನದ ಲೆಕ್ಕದಿಂದ ದೂರ ಅಳೆಯುತ್ತಾರೆ. ಒಳಗೆ ಕನ್ನಡಿ ಇರದ್ದರಿಂದ ಇದು ನಡೆಯಿತು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿ ಏಳಲು ಜಾಗ ಬೇಕಲ್ಲ!

1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಡೆಯುವ ಲೇಪನಕ್ಕೆ ಪೇಟೆಂಟ್ ಕೋರಿದರು. ಸೂಚ್ಯಂಕ 1.38ರ ಮೆಗ್ನೀಸಿಯಂ ಫ್ಲೋರೈಡನ್ನು ಸುಮಾರು 100 ನ್ಯಾನೊಮೀಟರ್ ದಪ್ಪ, ಅಂದರೆ ಪದರದೊಳಗಿನ ತರಂಗಾಂತರದ ಕಾಲುಭಾಗದಷ್ಟು ಲೇಪಿಸಿದರೆ ಪ್ರತಿಫಲನ ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಆಗ 28 ಜೋಡಿಗಳ ಒಟ್ಟು ಅಡ್ಡಬೆಳಕು ಶೇ. 0.28 ಮಾತ್ರ. ಬೆರ್ಟೆಲೆಯ ಉಪಾಯದ ಮುಖ್ಯ ಅನುಕೂಲವೇ ಹೀಗೆ ಕರಗಿತು. ಸಮ್ಮಾರ್‌ನ ಕುಲದ ‘ಡಬಲ್ ಗಾಸ್’ ರಚನೆ ಮುಂದೆ ಎಲ್ಲೆಡೆ ಹರಡಿತು.

ಮೇಲ್ಮೈಗಳನ್ನು ನೀವೇ ಎಣಿಸಬಹುದು. ಕತ್ತಲೆ ಕೋಣೆಯಲ್ಲಿ ಮೋಂಬತ್ತಿಯನ್ನು ನಿಮ್ಮ ಕೆನ್ನೆಯ ಪಕ್ಕ ಹಿಡಿದು ಮಸೂರದೊಳಗೆ ನೋಡಿ, ನಿಧಾನವಾಗಿ ಓರೆ ಮಾಡಿ. ಗಾಳಿಗೆ ತೆರೆದ ಪ್ರತಿ ಮೇಲ್ಮೈಯೂ ಒಂದು ಸ್ಪಷ್ಟ ಜ್ವಾಲೆಯನ್ನು ತೋರಿಸುತ್ತದೆ, ಅಂಟಿಸಿದ ಮೇಲ್ಮೈ ತೀರ ಮಸುಕಾದುದನ್ನು. ಲೇಪನವಿದ್ದರೆ ಜ್ವಾಲೆ ನೀಲಿ ಇಲ್ಲವೆ ನೇರಳೆ. ಹಳೆಯ ಕ್ಯಾಮೆರಾ ಸಿಗದಿದ್ದರೆ ದುರ್ಬೀನಿನ ಮುಂದಿನ ಮಸೂರವೂ ಆದೀತು. ಅದರಲ್ಲಿ ಸಾಮಾನ್ಯವಾಗಿ ಎರಡು ಸ್ಪಷ್ಟ, ಒಂದು ಮಸುಕು.

ಇಂಥ ಮಸೂರಗಳನ್ನು ಹೋಲಿಸುವವರು ಎಡವುವುದು ಬೇರೆ ಕಡೆ. ಸಮ್ಮಾರ್‌ನ ಮುಂಗಾಜು ಮೃದು. ದಶಕಗಳ ಒರೆಸುವಿಕೆಯಿಂದ ಗೀರುಬಿದ್ದ ಒಂದು ಪ್ರತಿಯನ್ನು ನೋಡಿ ಇಡೀ ರಚನೆಯನ್ನೇ ಹಳಿಯುವುದು ನ್ಯಾಯವಲ್ಲ. ಇನ್ನೊಂದು ತೊಡಕು ಯುದ್ಧಾನಂತರ ಸೋವಿಯತ್ ಒಕ್ಕೂಟದಲ್ಲಿ ಸೊನ್ನಾರ್ ಮಾದರಿಯಲ್ಲೇ ತಯಾರಾದ ‘ಜೂಪಿಟರ್-3’ರದು. ಅದರ ಸಂಗಮದೂರ ಸುಮಾರು 52.4 ಮಿ.ಮೀ.; ಲೈಕಾದ ದೂರಮಾಪಕ ಹೊಂದಿಕೊಂಡಿರುವುದು 51.6ಕ್ಕೆ. ಒಂದು ಮೀಟರ್ ದೂರದ ವಸ್ತುವಿಗೆ ಮಸೂರ ಎಷ್ಟು ಮುಂದೆ ಸರಿಯಬೇಕೆಂದು f²/(u–f) ಸೂತ್ರದಿಂದ ನೋಡಿ: 2.90 ಮತ್ತು 2.81 ಮಿ.ಮೀ. ವ್ಯತ್ಯಾಸ 0.09 ಮಿ.ಮೀ. ಎಫ್/1.5ರಲ್ಲಿ ಫಿಲ್ಮ್ ಸಹಿಸುವ ತಪ್ಪು, ಮಸುಕು ವೃತ್ತ 0.03 ಮಿ.ಮೀ. ಎಂದಾದರೆ, 0.045 ಮಾತ್ರ. ಮಸೂರ ಚೆನ್ನಾಗಿದ್ದರೂ ಚಿತ್ರ ಮಸುಕಾಗುತ್ತದೆ, ದೂರು ಗಾಜಿನ ಮೇಲೆ ಬರುತ್ತದೆ.

ಹಾಗಾಗಿ ಮಸೂರವನ್ನಷ್ಟೇ ಪರೀಕ್ಷಿಸುವುದಾದರೆ ದೂರಮಾಪಕವನ್ನು ಬದಿಗಿಡಿ. ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಕ್ಕೆ ಹೊಂದಿಕೆ ಉಂಗುರದಿಂದ ಅದನ್ನು ಜೋಡಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಪರದೆಯಲ್ಲಿ ಬಿಂಬವನ್ನು ಹಿಗ್ಗಿಸಿ ಸ್ಫುಟಗೊಳಿಸಿ. ರಂಧ್ರ ಬದಲಿಸಿದಾಗಲೆಲ್ಲ ಮತ್ತೆ ಸ್ಫುಟಗೊಳಿಸಬೇಕು. ಸೊನ್ನಾರ್ ಜಾತಿಗಂತೂ ಇದು ಕಡ್ಡಾಯ.