‘ವಿಶ್ವದ ಟಾಪ್ 2% ವಿಜ್ಞಾನಿ’ ಅಂದರೆ ಅತ್ಯುತ್ತಮ ಡಾಕ್ಟರ್ ಎಂದರ್ಥವೇ?

ಕದ್ರಿ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವವರ ವಾಟ್ಸಾಪ್ ಗುಂಪಿನಿಂದ ನಮಗೊಂದು ಫಾರ್ವರ್ಡ್ ಬಂತು. ‘ನಮ್ಮ ಮಂಗಳೂರಿನ ಡಾಕ್ಟರ್‌ಗೆ ಸ್ಟ್ಯಾನ್‌ಫೋರ್ಡ್ ಪ್ರಶಸ್ತಿ, ವಿಶ್ವದ ಟಾಪ್ 2% ವೈದ್ಯರಲ್ಲಿ ಸ್ಥಾನ. ಅವರು ಹೇಳಿದ ಔಷಧಿಯನ್ನು ಕಣ್ಣು ಮುಚ್ಚಿ ನಂಬಬಹುದು’ ಎಂದು ಅದರಲ್ಲಿತ್ತು. ಪ್ರತಿ ವರ್ಷ ಈ ಪಟ್ಟಿ ಬಂದಾಗ ಇಂಥ ಸಂದೇಶಗಳು ಓಡಾಡುತ್ತವೆ. ಹಾಗಾಗಿ ಈ ಅಂಕಿಗಳ ಅರ್ಥ ಏನೆಂದು ನೋಡೋಣ.

ಪಟ್ಟಿ ಯಾವುದು?

ಪಟ್ಟಿ ಇರುವುದು ನಿಜ. ಸ್ಟ್ಯಾನ್‌ಫೋರ್ಡ್‌ನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಇದನ್ನು 2019ರಲ್ಲಿ ಮೊದಲು ಪ್ರಕಟಿಸಿದರು. ಲೆಕ್ಕಕ್ಕೆ ಬೇಕಾದ ಮಾಹಿತಿ ಬರುವುದು ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ಡೇಟಾಬೇಸ್‌ನಿಂದ. ಇದು ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ‘ಟಾಪ್ 2% ವೈದ್ಯರು’ ಎಂಬುದಂತೂ ತಪ್ಪು. ಇಲ್ಲಿ ಎಣಿಸುವುದು ಸಂಶೋಧನಾ ಲೇಖನ ಬರೆಯುವವರನ್ನು ಮಾತ್ರ. ದಿನಕ್ಕೆ ನೂರು ರೋಗಿಗಳನ್ನು ನೋಡಿ ಒಂದೂ ಲೇಖನ ಬರೆಯದ ವೈದ್ಯರು ಈ ಲೆಕ್ಕಕ್ಕೇ ಬರುವುದಿಲ್ಲ.

ಸೈಟೇಶನ್ ಎಂದರೇನು?

ಒಬ್ಬರ ಲೇಖನವನ್ನು ಇನ್ನೊಬ್ಬ ಸಂಶೋಧಕರು ತಮ್ಮ ಲೇಖನದಲ್ಲಿ ಉಲ್ಲೇಖಿಸಿದರೆ ಅದು ಒಂದು ಸೈಟೇಶನ್. ಇದರ ಮೇಲೆ ನಿಂತಿರುವುದು ‘ಎಚ್-ಇಂಡೆಕ್ಸ್’. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಇದನ್ನು ಸೂಚಿಸಿದರು. ಒಬ್ಬರ ಐದು ಲೇಖನಗಳಿಗೆ 40, 12, 6, 4, 1 ಸೈಟೇಶನ್ ಬಂದಿವೆ ಎಂದುಕೊಳ್ಳಿ. ಕನಿಷ್ಠ 4 ಸೈಟೇಶನ್ ಇರುವ ಲೇಖನಗಳು 4. ಹಾಗಾಗಿ ಅವರ ಎಚ್-ಇಂಡೆಕ್ಸ್ 4. ಒಂದೇ ಲೇಖನ ಬರೆದು 400 ಸೈಟೇಶನ್ ಪಡೆದವರದ್ದು ಬರೀ 1!

ಹೆಚ್ಚು ಸೈಟೇಶನ್ ಇದ್ದರೆ ಸತ್ಯವೇ?

ಅಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಲೇಖನ 1998ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಬಂತು. ಅದರಲ್ಲಿದ್ದದ್ದು ಕೇವಲ 12 ಮಕ್ಕಳು. 2010ರಲ್ಲಿ ಪತ್ರಿಕೆ ಅದನ್ನು ಹಿಂಪಡೆಯಿತು. ಆದರೂ ಅದಕ್ಕೆ ಸಾವಿರಕ್ಕೂ ಹೆಚ್ಚು ಸೈಟೇಶನ್ ಇವೆ. ಬಹುಪಾಲು ಉಲ್ಲೇಖಗಳು ಅದನ್ನು ಟೀಕಿಸುವುದಕ್ಕೇ! ಬೈದರೂ ಹೊಗಳಿದರೂ ಎಣಿಕೆಯಲ್ಲಿ ಎರಡೂ ಒಂದೇ.

ಹಾಗಾದರೆ ಏನನ್ನು ನೋಡಬೇಕು?

ಸಂಶೋಧನೆ ಏನು ಕಂಡುಹಿಡಿಯಿತು ಎಂಬುದನ್ನು. ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇವೆ. ಔಷಧಿಯನ್ನಲ್ಲ, ಚಿಕಿತ್ಸೆ ಜನರಿಗೆ ತಲುಪುತ್ತದೆಯೇ, ಎಷ್ಟು ಖರ್ಚಾಗುತ್ತದೆ ಎಂಬುದನ್ನು ಅಧ್ಯಯನ ಮಾಡುವ ಕ್ಷೇತ್ರವೊಂದಿದೆ. ಅದೇ ಆರೋಗ್ಯ ಸೇವಾ ಸಂಶೋಧನೆ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗಳನ್ನು ಉಚಿತವಾಗಿ ಕೊಡಲು 2010ರಲ್ಲಿ ಉತ್ತರ ಕರ್ನಾಟಕದಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ಅಮೆರಿಕದ ಸಂಶೋಧಕ ನೀರಜ್ ಸೂದ್, ಐಐಎಂ ಬೆಂಗಳೂರಿನ ಅರ್ನಬ್ ಮುಖರ್ಜಿ ಮತ್ತಿತರರು ಯೋಜನೆ ಇದ್ದ ಹಳ್ಳಿಗಳನ್ನು ಯೋಜನೆ ಇಲ್ಲದ ಪಕ್ಕದ ಹಳ್ಳಿಗಳೊಂದಿಗೆ ಹೋಲಿಸಿದರು. ಅಧ್ಯಯನ 2014ರಲ್ಲಿ ‘ಬಿಎಂಜೆ’ಯಲ್ಲಿ ಪ್ರಕಟವಾಯಿತು. ಯೋಜನೆ ಒಳಗೊಂಡ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವಿನ ಪ್ರಮಾಣ ಯೋಜನೆ ಇಲ್ಲದ ಕಡೆ 0.90% ಇದ್ದರೆ, ಇದ್ದ ಕಡೆ 0.32% ಇತ್ತು. ಆಸ್ಪತ್ರೆಗೆ ಕೈಯಿಂದ ಹಾಕುವ ಖರ್ಚೂ ಕಡಿಮೆಯಾಗಿತ್ತು. ಈ ಲೇಖನದ ಬೆಲೆ ತಿಳಿಯುವುದು ಸೈಟೇಶನ್ ಸಂಖ್ಯೆಯಿಂದಲ್ಲ, ಈ ಅಂಕಿಗಳಿಂದ ಮತ್ತು ಹೋಲಿಕೆ ಮಾಡಿದ ರೀತಿಯಿಂದ.

ಫಾರ್ವರ್ಡ್ ಮಾಡುವ ಮುನ್ನ

1. ಅವರು ಸಂಶೋಧನೆ ಮಾಡಿದ್ದು ಈ ಕಾಯಿಲೆಯ ಬಗ್ಗೆಯೇ? ಹಲ್ಲಿನ ವಸ್ತುಗಳ ಬಗ್ಗೆ ನೂರು ಲೇಖನ ಬರೆದವರು ಶುಗರ್ ತಜ್ಞರಾಗುವುದಿಲ್ಲ.
2. ಲೇಖನ ಹಿಂಪಡೆದದ್ದೇ? ಪಬ್‌ಮೆಡ್‌ನಲ್ಲಿ ಉಚಿತವಾಗಿ ಹುಡುಕಬಹುದು. ‘ರಿಟ್ರ್ಯಾಕ್ಟೆಡ್’ ಎಂದಿದ್ದರೆ ಅಲ್ಲಿಗೇ ಬಿಡಿ.
3. ಸಂದೇಶ ಔಷಧಿ ಬಿಡಲು ಅಥವಾ ಬದಲಿಸಲು ಹೇಳುತ್ತಿದೆಯೇ? ಹಾಗಿದ್ದರೆ ನಿಮ್ಮನ್ನು ಪರೀಕ್ಷಿಸಿದ ವೈದ್ಯರನ್ನೇ ಕೇಳಿ.

ನಮ್ಮ ತೀರ್ಮಾನ: ಅರ್ಧ ಸತ್ಯ. ಪಟ್ಟಿಯಲ್ಲಿ ಹೆಸರು ಬರುವುದು ಖುಷಿಯ ವಿಷಯವೇ, ಅಭಿನಂದಿಸಿ. ಆದರೆ ಅದು ಬೇರೆ ಸಂಶೋಧಕರು ಅವರ ಬರಹವನ್ನು ಎಷ್ಟು ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ ಅಷ್ಟೇ. ನಿಮ್ಮ ಅಮ್ಮನ ಬಿಪಿ ಮಾತ್ರೆ ನಿಲ್ಲಿಸಲು ಅದು ಕಾರಣವಲ್ಲ.