ಸಕ್ಕರೆ ಕಾಯಿಲೆ ಇರುವವರ ಮನಸ್ಸು ಕುಗ್ಗಿದಾಗ



ಕಾಲಿನ ಗಾಯ, ಕಣ್ಣಿನ ಆಪರೇಷನ್, ಡಯಾಲಿಸಿಸ್‌ಗೆ ನೆರವು ಕೋರಿ ಬರುವ ಅರ್ಜಿಗಳ ಹಿಂದೆ ಹಲವು ಬಾರಿ ವರ್ಷಗಟ್ಟಲೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುತ್ತದೆ. ಮಾತ್ರೆ ಕೊಳ್ಳಲು ಹಣವಿಲ್ಲದೆ ಹೀಗಾದವರಿದ್ದಾರೆ. ಆದರೆ ಮಾತ್ರೆ ಮನೆಯಲ್ಲಿದ್ದೂ ನುಂಗದೆ ಬಿಟ್ಟವರೂ ಇದ್ದಾರೆ. ಇದಕ್ಕೆ ಒಂದು ಮುಖ್ಯ ಕಾರಣ ಖಿನ್ನತೆ. ಅದರ ಬಗ್ಗೆ ನಮ್ಮ ಮನೆಗಳಲ್ಲಿ ಮಾತು ಕಡಿಮೆ. ಆದ್ದರಿಂದ ಈ ವರ್ಷದ ವರದಿಯಲ್ಲಿ ಒಂದು ಪುಟವನ್ನು ಅದಕ್ಕೆ ಮೀಸಲಿಟ್ಟಿದ್ದೇವೆ.

ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಈ ಕಾಯಿಲೆ ಇರುವವರಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು, ಸುಮಾರು ಎರಡು ಪಟ್ಟು ಎಂದು ಹಲವು ಅಧ್ಯಯನಗಳು ತಿಳಿಸುತ್ತವೆ. ಎರಡೂ ಜೊತೆಯಾದವರಲ್ಲಿ ಹೃದಯ, ಕಣ್ಣು, ಮೂತ್ರಪಿಂಡ ಮತ್ತು ನರಗಳ ತೊಂದರೆಗಳು ಹೆಚ್ಚು ಕಂಡುಬರುತ್ತವೆ. ಸಾವಿನ ಅಪಾಯವೂ ಸುಮಾರು ಒಂದೂವರೆ ಪಟ್ಟು ಹೆಚ್ಚು.

ಕಾರಣ ಕಷ್ಟದ್ದೇನಲ್ಲ. ಸಕ್ಕರೆ ಕಾಯಿಲೆಯ ಚಿಕಿತ್ಸೆ ಹೆಚ್ಚಾಗಿ ನಡೆಯುವುದು ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲಿ. ಹೊತ್ತಿಗೆ ಸರಿಯಾಗಿ ಮಾತ್ರೆ ಅಥವಾ ಇನ್ಸುಲಿನ್, ಹಿತಮಿತದ ಊಟ, ದಿನವೂ ನಡಿಗೆ, ಪಾದಗಳನ್ನು ನೋಡಿಕೊಳ್ಳುವುದು, ಇವೆಲ್ಲಕ್ಕೂ ಮನಸ್ಸು ಬೇಕು. "ಇನ್ನು ಏನು ಮಾಡಿ ಏನು ಪ್ರಯೋಜನ" ಎನಿಸಿದವರು ಮೊದಲು ಕೈಬಿಡುವುದು ಇವನ್ನೇ. ಅಲ್ಲದೆ, ಮನಸ್ಸಿನ ಒತ್ತಡ ಮುಂದುವರಿದರೆ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಿ, ರಕ್ತದ ಸಕ್ಕರೆಯೂ ಏರಬಹುದು. ಸಕ್ಕರೆ ಏರಿದರೆ ಸುಸ್ತು, ನೋವು, ಖರ್ಚು. ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ.

ಗುರುತಿಸುವುದರಲ್ಲೂ ತೊಡಕಿದೆ. ಸುಸ್ತು, ನಿದ್ದೆಗೇಡು, ಹಸಿವಿನ ಏರುಪೇರು ಎರಡರಲ್ಲೂ ಇರುವುದರಿಂದ "ಎಲ್ಲ ಶುಗರ್‌ನಿಂದಲೇ" ಎಂದು ಸುಮ್ಮನಾಗುತ್ತೇವೆ. ವೈದ್ಯರು ಮೊದಲು ಕೇಳುವ ಎರಡು ಪ್ರಶ್ನೆಗಳನ್ನು ಮನೆಯವರೂ ಕೇಳಬಹುದು: ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಸಂತೋಷ ಇಲ್ಲದಂತಾಗಿದೆಯೇ? ಮನಸ್ಸು ಕುಗ್ಗಿ, ಭರವಸೆ ಕಳೆದುಕೊಂಡಂತೆ ಆಗಿದೆಯೇ? ಹೆಚ್ಚಿನ ದಿನಗಳಲ್ಲಿ ಹೀಗಾಗುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ಇದು ಸೋಮಾರಿತನವಲ್ಲ, ಈಮಾನ್ ಕಡಿಮೆಯಾದ ಗುರುತೂ ಅಲ್ಲ. ಇದೊಂದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ.

ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಟ್ಟರೆ ಫಲವಿದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ದೆಹಲಿ, ಚೆನ್ನೈ, ವಿಶಾಖಪಟ್ಟಣ ಹಾಗೂ ನಮ್ಮ ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ 404 ರೋಗಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ ಇತ್ತು. ಇನ್ನೊಂದು ಗುಂಪಿನವರನ್ನು ತರಬೇತಿ ಪಡೆದ ಸಿಬ್ಬಂದಿ ನಿಯಮಿತವಾಗಿ ವಿಚಾರಿಸುತ್ತಿದ್ದರು, ತಜ್ಞರು ಅವರ ಪ್ರಗತಿಯನ್ನು ಪರಿಶೀಲಿಸುತ್ತಿದ್ದರು. ಎರಡು ವರ್ಷಗಳ ನಂತರ ಖಿನ್ನತೆ ಅರ್ಧಕ್ಕಿಳಿದು, ಜೊತೆಗೆ ಸಕ್ಕರೆ, ರಕ್ತದೊತ್ತಡ ಅಥವಾ ಕೊಲೆಸ್ಟ್ರಾಲ್‌ನಲ್ಲಿ ಒಂದಾದರೂ ಸುಧಾರಿಸಿದವರು ಎರಡನೇ ಗುಂಪಿನಲ್ಲಿ ಶೇ. 71.6, ಮೊದಲನೆಯದರಲ್ಲಿ ಶೇ. 57.4. ಅಂದರೆ, ವಿಚಾರಿಸಿಕೊಳ್ಳುವವರು ಇರುವುದೂ ಚಿಕಿತ್ಸೆಯ ಭಾಗವೇ.

ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಲು ಕೆಲವು ವಾರ ಬೇಕು. ಅಷ್ಟರಲ್ಲಿ ಬೇಸತ್ತು ನಿಲ್ಲಿಸಬಾರದು. ಕೆಲವು ಮಾತ್ರೆಗಳಿಂದ ತೂಕ, ಸಕ್ಕರೆ ಬದಲಾಗಬಹುದು. ಹಾಗಾಗಿ ಸಕ್ಕರೆ ಕಾಯಿಲೆ ಇದೆಯೆಂದು ಮನೋವೈದ್ಯರಿಗೆ ಮೊದಲೇ ಹೇಳಿ. ಆಪ್ತಸಮಾಲೋಚನೆಯೂ ಸಹಕಾರಿ.

ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡವೆಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ವಿದ್ಯಾರ್ಥಿವೇತನಕ್ಕಾಗಿ ಈ ವರದಿ ಓದುತ್ತಿರುವ ಮಕ್ಕಳಲ್ಲಿ ನಮ್ಮದೊಂದು ಕೋರಿಕೆ: ಅಮ್ಮ, ಅಬ್ಬ, ಅಜ್ಜಿಯ ಸಕ್ಕರೆ ಎಷ್ಟಿದೆ ಎಂದು ಕೇಳುವಾಗ, ಮನಸ್ಸು ಹೇಗಿದೆ ಎಂದೂ ಕೇಳಿ.